ನೆಪೋಲಿಯನ್ ಗಿಡ್ಡ ಇದ್ದನಾ?

ಮೇ 5, 2024, ಭಾನುವಾರ

ಇವತ್ತು ನೆಪೋಲಿಯನ್ ಸತ್ತ ದಿನ. 1821ರ ಮೇ 5. ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಅದೇ ಹಳೆಯ ಕಥೆ ಬಂತು, ಬ್ರಿಟಿಷರು ಅವನಿಗೆ ವಿಷ ಹಾಕಿ ಕೊಂದರಂತೆ. ಅವನ ಕೂದಲಲ್ಲಿ ಆರ್ಸೆನಿಕ್ ಎಂಬ ವಿಷ ಸಿಕ್ಕಿದ್ದು ನಿಜ. ಆದರೆ 2008ರಲ್ಲಿ ಇಟಲಿಯ ವಿಜ್ಞಾನಿಗಳು ಅವನ ಬಾಲ್ಯದ ಕೂದಲು, ಹೆಂಡತಿ ಜೋಸೆಫೀನಳ ಕೂದಲು, ಮಗನ ಕೂದಲು ಎಲ್ಲವನ್ನೂ ಪರೀಕ್ಷೆ ಮಾಡಿದರು. ಎಲ್ಲದರಲ್ಲೂ ಆರ್ಸೆನಿಕ್ ಇತ್ತು. ಆಗಿನ ಬಣ್ಣಗಳಲ್ಲಿ, ಔಷಧಿಗಳಲ್ಲಿ ಅದು ಮಾಮೂಲಿ. ಶವಪರೀಕ್ಷೆ ಮಾಡಿದ ವೈದ್ಯರಿಗೆ ಕಂಡದ್ದು ಹೊಟ್ಟೆಯೊಳಗಿನ ದೊಡ್ಡ ಹುಣ್ಣು. ಅವನ ಅಪ್ಪನೂ ಹೊಟ್ಟೆಯ ಕಾಯಿಲೆಯಿಂದಲೇ ಸತ್ತಿದ್ದ.

ಇದನ್ನು ಹೇಳುತ್ತಿದ್ದಾಗ ಅಣ್ಣನ ಮಗಳು ಕೇಳಿದಳು, "ಚಿಕ್ಕಪ್ಪ, ಅವನು ಗಿಡ್ಡ ಇದ್ದ ಅಲ್ವಾ?"

ಇಲ್ಲ. ಅವನ ಎತ್ತರ 5 ಅಡಿ 2 ಅಂಗುಲ ಎಂದು ಬರೆದಿಟ್ಟದ್ದು ಫ್ರೆಂಚ್ ಅಳತೆಯಲ್ಲಿ. ಆಗಿನ ಫ್ರೆಂಚ್ ಅಂಗುಲ ಇಂಗ್ಲಿಷ್ ಅಂಗುಲಕ್ಕಿಂತ ಉದ್ದ. ಲೆಕ್ಕ ಹಾಕಿದರೆ ಸುಮಾರು 168 ಸೆಂಟಿಮೀಟರ್, ಅಂದರೆ ಐದೂವರೆ ಅಡಿ. ಆ ಕಾಲದ ಫ್ರೆಂಚ್ ಗಂಡಸರಲ್ಲಿ ಅದು ಕಡಿಮೆ ಎತ್ತರವೇನಲ್ಲ. ಅವನನ್ನು ಕುಳ್ಳ ಮಾಡಿದ್ದು ಲಂಡನ್ನಿನ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ. ದೊಡ್ಡ ಟೋಪಿ, ದೊಡ್ಡ ಬೂಟು, ಮಧ್ಯೆ ಕಾಲು ನೆಲಕ್ಕೆ ಬಡಿದು ಹಟ ಮಾಡುವ ಪುಟ್ಟ ಮನುಷ್ಯ. ಇನ್ನೂರು ವರ್ಷ ಕಳೆದರೂ ಜನರ ತಲೆಯಿಂದ ಆ ಚಿತ್ರ ಹೋಗಿಲ್ಲ.

ನೆಪೋಲಿಯನ್ನನೂ ಚಿತ್ರದ ಶಕ್ತಿಯನ್ನು ಚೆನ್ನಾಗಿಯೇ ಬಳಸಿಕೊಂಡ. ಮುಂಗಾಲೆತ್ತಿದ ಕುದುರೆಯ ಮೇಲೆ ಕೂತು ಆಲ್ಪ್ಸ್ ದಾಟುವ ಚಿತ್ರ ಎಲ್ಲರೂ ನೋಡಿರುತ್ತಾರೆ. ಅದನ್ನು ಬರೆದ ಫ್ರೆಂಚ್ ಚಿತ್ರಕಾರ ದಾವಿದ್‌ಗೆ ನೆಪೋಲಿಯನ್ ಎದುರು ಕೂತು ಕೊಡಲೂ ಇಲ್ಲ. 1800ರ ಮೇ ತಿಂಗಳಲ್ಲಿ ಅವನು ಆ ಕಣಿವೆ ದಾಟಿದ್ದು ಹೇಸರಗತ್ತೆಯ ಮೇಲೆ. ದಾರಿ ತೋರಿಸಿದ್ದು ಅಲ್ಲಿನ ಒಬ್ಬ ಹಳ್ಳಿಗ. ನನಗಂತೂ ಆ ಹೇಸರಗತ್ತೆಯ ನೆಪೋಲಿಯನ್ನೇ ಜಾಸ್ತಿ ಇಷ್ಟ. ಹಿಮದ ದಾರಿಯಲ್ಲಿ ಯಾವ ಪ್ರಾಣಿ ಎಡವುವುದಿಲ್ಲ ಎಂದು ಗೊತ್ತಿದ್ದವನು ಅವನು.

ಚಿತ್ರವೊಂದು ಅವನ ಪರವಾಗಿ ಸಾಕ್ಷಿ ಹೇಳಿದ್ದೂ ಇದೆ. ಈಜಿಪ್ಟಿನ ಸ್ಫಿಂಕ್ಸ್ ಮೂಗನ್ನು ನೆಪೋಲಿಯನ್ನನ ಫಿರಂಗಿ ಹಾರಿಸಿತು ಎನ್ನುತ್ತಾರೆ. ಆದರೆ ಡೆನ್ಮಾರ್ಕಿನ ಫ್ರೆಡರಿಕ್ ನಾರ್ಡೆನ್ 1737ರಲ್ಲೇ ಮೂಗಿಲ್ಲದ ಸ್ಫಿಂಕ್ಸ್ ಚಿತ್ರ ಬರೆದಿದ್ದ. ನೆಪೋಲಿಯನ್ ಹುಟ್ಟಿದ್ದು 1769ರಲ್ಲಿ! ಈಜಿಪ್ಟಿಗೆ ಹೋದಾಗ ಅವನು 150ಕ್ಕೂ ಹೆಚ್ಚು ವಿದ್ವಾಂಸರನ್ನು ಜೊತೆಗೆ ಕರೆದುಕೊಂಡು ಹೋಗಿದ್ದ. ಈಜಿಪ್ಟಿನ ಹಳೆಯ ಚಿತ್ರಲಿಪಿ ಓದಲು ದಾರಿ ಮಾಡಿಕೊಟ್ಟ ರೊಸೆಟ್ಟಾ ಕಲ್ಲು ಸಿಕ್ಕಿದ್ದು ಅವನ ಸೈನಿಕರಿಗೇ.

ಅಲ್ಲಿಂದಲೇ ಅವನು ನಮ್ಮ ಟಿಪ್ಪುವಿಗೆ ಪತ್ರ ಬರೆದ. 1799ರ ಜನವರಿ, ಕೈರೋದಿಂದ. ಲೆಕ್ಕವಿಲ್ಲದಷ್ಟು ದೊಡ್ಡ, ಸೋಲಿಲ್ಲದ ಸೈನ್ಯದೊಂದಿಗೆ ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ, ಇಂಗ್ಲೆಂಡಿನ ಕಬ್ಬಿಣದ ನೊಗದಿಂದ ನಿಮ್ಮನ್ನು ಬಿಡಿಸುವ ಆಸೆ ಇದೆ, ನಂಬಿಕಸ್ಥ ಮನುಷ್ಯನೊಬ್ಬನನ್ನು ಸೂಯೆಜ್‌ಗೋ ಕೈರೋಗೋ ಕಳಿಸಿ ಎಂಬುದು ಅದರ ಸಾರ. ಆದರೆ ಅದಕ್ಕೆ ಐದು ತಿಂಗಳ ಹಿಂದೆಯೇ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ಅವನ ಹಡಗುಪಡೆಯನ್ನು ಈಜಿಪ್ಟಿನ ಅಬುಕೀರ್ ಕೊಲ್ಲಿಯಲ್ಲಿ ನಾಶ ಮಾಡಿದ್ದ. ಭಾರತಕ್ಕೆ ಬರಲು ಹಡಗುಗಳೇ ಇರಲಿಲ್ಲ. ಪತ್ರ ದಾರಿಯಲ್ಲೇ ಬ್ರಿಟಿಷರ ಕೈಸೇರಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಕೋಟೆಯಲ್ಲೇ ಹೋರಾಡಿ ಮಡಿದ. ಫ್ರೆಂಚರು ಬಂದಿದ್ದರೆ ಕಥೆಯೇ ಬೇರೆ ಆಗುತ್ತಿತ್ತು ಎಂದು ಈಗಲೂ ಮಾತಾಡುತ್ತಾರೆ. ಬರುವ ದಾರಿಯೇ ಮುಚ್ಚಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ.

ಶ್ರೀರಂಗಪಟ್ಟಣದ ಆಡಳಿತ ಆಮೇಲೆ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಗೆ ಸಿಕ್ಕಿತು. ದರಿಯಾ ದೌಲತ್‌ನಲ್ಲಿ ವಾಸವಿದ್ದ ಅದೇ ಮನುಷ್ಯ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ. 1805ರಲ್ಲಿ ಭಾರತದಿಂದ ಊರಿಗೆ ಹೋಗುವಾಗ ಅವನು ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪದ ಬ್ರಯರ್ಸ್ ಎಂಬ ಜಾಗದಲ್ಲಿ ಉಳಿದಿದ್ದ. ಹತ್ತು ವರ್ಷದ ನಂತರ ಸೆರೆಯಾಳಾಗಿ ಬಂದ ನೆಪೋಲಿಯನ್ ಮೊದಲ ಕೆಲವು ವಾರ ತಂಗಿದ್ದೂ ಅಲ್ಲೇ.

ಗಿಡ್ಡನೋ ಉದ್ದನೋ ಎಂದು ಇಷ್ಟೆಲ್ಲಾ ಮಾತಾಡುತ್ತೇವೆ. ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ ಎಂದು ಮಗುವಿಗೆ ಹೇಳಿದೆ. ಫ್ರೆಂಚ್ ಕ್ರಾಂತಿ 1794ರಲ್ಲಿ ವಸಾಹತುಗಳ ಗುಲಾಮಗಿರಿಯನ್ನು ರದ್ದು ಮಾಡಿತ್ತು. 1802ರಲ್ಲಿ ನೆಪೋಲಿಯನ್ ಅದನ್ನು ವಾಪಸ್ ತಂದ. ಕೆರಿಬಿಯನ್ ದ್ವೀಪ ಗ್ವಾಡೆಲೂಪ್‌ನಲ್ಲಿ ಬಿಡುಗಡೆ ಆಗಿದ್ದ ಜನ ಮತ್ತೆ ಗುಲಾಮರಾದರು. ಈಗ ಹೈಟಿ ಎನ್ನುವ, ಆಗಿನ ಫ್ರೆಂಚ್ ವಸಾಹತಿನ ನಾಯಕ ಟೂಸಾಂ ಲೂವೆರ್ತ್ಯೂರ್‌ನನ್ನು ಮಾತುಕತೆಗೆ ಕರೆದು ಹಿಡಿದರು. ಅವನು 1803ರಲ್ಲಿ ಫ್ರಾನ್ಸಿನ ಚಳಿಯ ಕೋಟೆಯೊಂದರಲ್ಲಿ ಸತ್ತ. ಅವನ ಜನ ಮಾತ್ರ ಬಗ್ಗಲಿಲ್ಲ. ನೆಪೋಲಿಯನ್ ಕಳಿಸಿದ ಸೈನ್ಯವನ್ನು ಸೋಲಿಸಿ 1804ರ ಜನವರಿ 1ರಂದು ಸ್ವತಂತ್ರರಾದರು. ಅದೇ ವರ್ಷ ಡಿಸೆಂಬರ್ 2ರಂದು ನೆಪೋಲಿಯನ್ ಪ್ಯಾರಿಸ್‌ನಲ್ಲಿ ತನ್ನ ಕೈಯಿಂದಲೇ ಕಿರೀಟ ಹಾಕಿಕೊಂಡ.