ಕುಂಡದ ಮಣ್ಣು ಹದಕ್ಕೆ ಬರುವ ತನಕ

ಅಶ್ವಿನಿ ಮಳೆ (ಏಪ್ರಿಲ್ ನಡುವೆ)

ರೋಹಿಣಿ ಮಳೆ ಹೊತ್ತಿಗೆ ಟೆರೇಸಿನ ಮೇಲೆ ಟೊಮೆಟೊ, ಬದನೆ, ಮೆಣಸಿನ ಸಸಿ ನೆಡಬೇಕು. ಅದಕ್ಕೆ ಮಣ್ಣು ಈಗಲೇ ಕಲಸಿಡಬೇಕು. ಮಣ್ಣು, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರ ಸಮಸಮ ಅನ್ನೋ ಲೆಕ್ಕ ಎಲ್ಲರಿಗೂ ಗೊತ್ತು. ಆ ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಬೆಳಗ್ಗೆ ಕಲಸಿ ಸಂಜೆ ಸಸಿ ನೆಡುವ ಆತುರ ಇದೆಯಲ್ಲ, ಅದು ಸರಿಯಲ್ಲ. ಹಿಂಡಿ, ಗೊಬ್ಬರ ಬಿದ್ದ ಮಣ್ಣಿಗೆ ಕಳಿಯಲು ಸಮಯ ಬೇಕು. ಈ ಸಲ ಆ ಸಮಯದಲ್ಲಿ ರಾಶಿಯೊಳಗೆ ಏನೇನಾಗುತ್ತದೆ ಅಂತ ಬರೆದಿಡುತ್ತಾ ಹೋಗುತ್ತೇನೆ.

ನಮ್ಮದು ತುಮಕೂರು. ಕೆಮ್ಮಣ್ಣಿಗೆ ಬರವಿಲ್ಲ. ತಿಪಟೂರು ಕಡೆ ನಾರಿನ ಫ್ಯಾಕ್ಟರಿಗಳಿರುವುದರಿಂದ ಕೊಕೊಪೀಟೂ ಸಲೀಸಾಗಿ ಸಿಗುತ್ತದೆ. ಅಳತೆಗೆ ಗಾರೆಯವರ ಬಾಂಡ್ಲಿ. ನನ್ನ ಬಾಂಡ್ಲಿ ಹತ್ತಿರ ಹತ್ತಿರ 10 ಲೀಟರ್ ಹಿಡಿಯುತ್ತದೆ. ಈ ಸಲದ ಲೆಕ್ಕ ಹೀಗೆ: ಕೆಮ್ಮಣ್ಣು 6 ಬಾಂಡ್ಲಿ, ನೆನೆಸಿದ ಕೊಕೊಪೀಟ್ 7, ಕೊಟ್ಟಿಗೆ ಗೊಬ್ಬರ 5, ಎರೆಗೊಬ್ಬರ 2, ಸುಟ್ಟ ಭತ್ತದ ಹೊಟ್ಟು 4. ಇದಕ್ಕೆ ಬೇವಿನ ಹಿಂಡಿ 1 ಕೆಜಿ, ಹೊಂಗೆ ಹಿಂಡಿ ಅರ್ಧ ಕೆಜಿ, ಕಡಲೆಕಾಯಿ ಹಿಂಡಿ ಅರ್ಧ ಕೆಜಿ, ಮೂಳೆ ಪುಡಿ 1 ಕೆಜಿ.

ಕೆಮ್ಮಣ್ಣು ಬರೀ ಕಾಲು ಪಾಲು ಯಾಕೆ ಅಂತ ಮನೆಯಲ್ಲೇ ಪ್ರಶ್ನೆ ಬಂತು. ಹೊಲದಲ್ಲಿ ಮಣ್ಣಿನ ಕೆಳಗೆ ಇನ್ನೂ ಮಣ್ಣಿರುತ್ತದೆ, ನೀರು ಇಳಿಯುತ್ತಾ ಹೋಗುತ್ತದೆ. ಕುಂಡದಲ್ಲಿ ಒಂದಡಿ ಆಳಕ್ಕೆ ತಳ ಬಂತು. ಬರೀ ಕೆಮ್ಮಣ್ಣು ತುಂಬಿದರೆ ದಿನಾ ನೀರು ಹಾಕಿ ಹಾಕಿ ಅದು ಇಟ್ಟಿಗೆ ಆಗುತ್ತದೆ. ಬೇರಿಗೆ ಗಾಳಿ ಸಿಗುವುದಿಲ್ಲ. ತೂಕದ ವಿಚಾರವೂ ಇದೆ: ಒದ್ದೆ ಮಣ್ಣು ಲೀಟರಿಗೆ ಒಂದೂವರೆ ಕೆಜಿ ದಾಟುತ್ತದೆ, ನಮ್ಮ ತಾರಸಿ ಹಳೇದು.

ಕೊಕೊಪೀಟ್ ತೊಳೆಯುವುದರಲ್ಲೇ ಅರ್ಧ ದಿನ ಹೋಯಿತು. 5 ಕೆಜಿಯ ಒಂದು ಇಟ್ಟಿಗೆ ನೀರು ಕುಡಿದು ಸುಮಾರು 70 ಲೀಟರ್ ಆಗುತ್ತದೆ. ತೊಳೆಯದೆ ಹಾಕುವವರೇ ಜಾಸ್ತಿ. ತೆಂಗಿನ ನಾರಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಉಪ್ಪು ಸಹಜವಾಗಿಯೇ ಇರುತ್ತದೆ. ಮಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಹಾಕಿದ್ದರಂತೂ ಕೇಳುವುದೇ ಬೇಡ. ನನ್ನ ಹತ್ತಿರ ನೀರಿನ ಫಿಲ್ಟರ್ ರಿಪೇರಿಯವರು ಇಟ್ಟುಕೊಳ್ಳುವಂಥ ಟಿಡಿಎಸ್ ಪೆನ್ನು ಇದೆ, ನೀರಿನಲ್ಲಿ ಕರಗಿರುವ ಉಪ್ಪಿನಂಶ ಅಳೆಯುವಂಥದ್ದು. ಮೊದಲ ಸಲ ಹಿಂಡಿದ ನೀರು ಗಟ್ಟಿ ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು. ಪೆನ್ನು ಅದ್ದಿದರೆ 1,900 ತೋರಿಸಿತು. ನಮ್ಮ ಬೋರ್‌ವೆಲ್ ನೀರೇ 640. ಹಿಂಡಿ, ಚೆಲ್ಲಿ, ಮತ್ತೆ ನೆನೆಸಿ, ಮತ್ತೆ ಹಿಂಡಿ, 720ಕ್ಕೆ ಬಂದಾಗ ಸಾಕು ಅನ್ನಿಸಿತು.

ಬರೀ ನೀರಿನಲ್ಲಿ ತೊಳೆದರೆ ಎಲ್ಲ ಸೋಡಿಯಂ ಬಿಡುವುದಿಲ್ಲ. ಒಂದಷ್ಟು ನಾರಿಗೇ ಕಚ್ಚಿಕೊಂಡಿರುತ್ತದೆ. ಆ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕೂತರೆ ಸೋಡಿಯಂ ಜಾಗ ಖಾಲಿ ಮಾಡುತ್ತದೆ. ನರ್ಸರಿಗಳಲ್ಲಿ ಇದಕ್ಕೆ ಕ್ಯಾಲ್ಸಿಯಂ ನೈಟ್ರೇಟ್ ಬಳಸುತ್ತಾರೆ. ನನ್ನದು ಸಾವಯವ ಅಲ್ವಾ, ಹಾಗಾಗಿ ಜಿಪ್ಸಮ್, ಅದರಲ್ಲೂ ಕ್ಯಾಲ್ಸಿಯಂ ಇದೆ. ಅದು ಲೀಟರ್ ನೀರಿಗೆ ಎರಡು ಗ್ರಾಂ ಆಸುಪಾಸು ಮಾತ್ರ ಕರಗುತ್ತದೆ. ಹೆಚ್ಚು ಸುರಿದರೆ ತಳದಲ್ಲಿ ಕೂರುತ್ತದೆ, ಅಷ್ಟೆ. ಜಿಪ್ಸಮ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಕೊನೆಯ ಸಲ ತೊಳೆದೆ.

ಸುಟ್ಟ ಹೊಟ್ಟು ಅಕ್ಕಿ ಗಿರಣಿಯಿಂದ ತಂದದ್ದು. ರಾಶಿಯಲ್ಲಿ ಎರಡು ಥರ ಇರುತ್ತದೆ. ಕಪ್ಪಗಿದ್ದು ಕಾಳಿನ ಸಿಪ್ಪೆಯ ಆಕಾರ ಇನ್ನೂ ಉಳಿದಿರುವುದು ಒಂದು, ಪೂರ್ತಿ ಉರಿದು ಬೂದು ಬಣ್ಣಕ್ಕೆ ತಿರುಗಿದ್ದು ಇನ್ನೊಂದು. ಬೇಕಾದದ್ದು ಕಪ್ಪಗಿರುವುದು. ಅದು ಇದ್ದಿಲು, ನೀರೂ ಹಿಡಿಯುತ್ತದೆ, ಗಾಳಿಗೂ ಸಂದು ಬಿಡುತ್ತದೆ. ಬೂದು ಬಣ್ಣದ್ದು ಬರೀ ಬೂದಿ. ನಮ್ಮ ಬೋರ್ ನೀರಿನಲ್ಲೇ ಸುಣ್ಣದ ಅಂಶ ಜಾಸ್ತಿ, ಅದರ ಮೇಲೆ ಬೂದಿಯನ್ನೂ ಹಾಕಿದರೆ ಮಣ್ಣಿನ ಪಿಎಚ್ (ಕ್ಷಾರದ ಗುಣ) ಏರಿ ಎಲೆ ಹಳದಿಯಾಗುತ್ತದೆ. ಒಲೆ ಬೂದಿ ಹಾಕಿ ಅಂತ ಹೇಳುವವರು ಯಾವ ನೀರು ಹಾಕುತ್ತಾರೆ ಅಂತ ಮೊದಲು ಕೇಳಬೇಕು.

ಗೊಬ್ಬರಕ್ಕೆ ಊರ ಹೊರಗಿನ ಒಂದು ಮನೆಗೆ ಹೋಗಿದ್ದೆ. ಅಲ್ಲಿನ ಅಜ್ಜಿ ತಿಪ್ಪೆಯ ಅಡಿಯಿಂದ ಕೆದಕಿ ಕೈಗೆ ಕೊಟ್ಟರು. "ಮೇಲಿಂದು ಬ್ಯಾಡ ಕಣಪ್ಪ, ಅದಿನ್ನೂ ಹಸಿ. ಮೂಸಿ ನೋಡು, ಸಗಣಿ ವಾಸ್ನೆ ಬಂದ್ರೆ ಬಿಡು." ಬರಲಿಲ್ಲ. ಕಪ್ಪಗೆ, ಉದುರುದುರಾಗಿ, ಮಳೆ ಬಿದ್ದ ನೆಲದ ವಾಸನೆ ಮಾತ್ರ ಇತ್ತು.

ಮನೆಗೆ ತಂದು ಮರಳು ಜರಡಿಯಲ್ಲಿ ಆಡಿಸಿದರೆ ಗೊಣ್ಣೆಹುಳು. ಬೆರಳಿನಷ್ಟು ದಪ್ಪ, ಬಿಳಿ ಮೈ, ಕಂದು ತಲೆ, ಮುಟ್ಟಿದರೆ ಅರ್ಧ ಸುತ್ತಿಕೊಳ್ಳುತ್ತವೆ. ತೆಂಗಿನ ಸೀಮೆಯಲ್ಲಿ ಇವುಗಳಲ್ಲಿ ಕುರುವಾಯಿ ದುಂಬಿಯ ಮರಿಗಳಿರುವುದು ಸಾಮಾನ್ಯ. ಆ ದುಂಬಿ ತಿಪ್ಪೆಯಲ್ಲೇ ಮೊಟ್ಟೆ ಇಡುತ್ತದೆ, ದೊಡ್ಡದಾದ ಮೇಲೆ ತೆಂಗಿನ ಸುಳಿ ಕೊರೆಯುತ್ತದೆ. ಕೆಲವು ಹುಳು ಸಿಮೆಂಟ್ ನೆಲದ ಮೇಲೆ ಬಿಟ್ಟರೆ ಬೆನ್ನ ಮೇಲೆ ಮಲಗಿಕೊಂಡು, ಕಾಲು ಆಕಾಶಕ್ಕೆ ಮಾಡಿ ಸರಸರ ಹೋಗುತ್ತವೆ. ಅವು ಬೇರೆ ಜಾತಿ, ಹೂವಿಗೆ ಬರುವ ದುಂಬಿಯ ಮರಿಗಳು. ಕೊಳೆತದ್ದನ್ನೇ ಹೆಚ್ಚಾಗಿ ತಿನ್ನುತ್ತವೆ. ಆದರೂ ಸಣ್ಣ ಕುಂಡದೊಳಗೆ ಯಾವುದೂ ಬೇಡ. ಎಲ್ಲವನ್ನೂ ಆರಿಸಿ ತಟ್ಟೆಗೆ ಹಾಕಿದೆ. ಕಾಗೆಗಳಿಗೆ ಆ ದಿನ ಹಬ್ಬ.

ಕಲಸಿದ್ದು ಟಾರ್ಪಾಲಿನ ಮೇಲೆ. ಒಣಗಿದ್ದೆಲ್ಲ ಮೊದಲು, ಹಿಂಡಿ ಪುಡಿ ಮೇಲೆ ಉದುರಿಸಿ ನಾಲ್ಕೂ ಮೂಲೆ ಹಿಡಿದು ಉರುಳಿಸಿ ಉರುಳಿಸಿ ಬೆರೆಸಿದೆ. ಒದ್ದೆ ಮಾಡಲು ಜೀವಾಮೃತ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಹೇಳುವ 200 ಲೀಟರಿನ ಲೆಕ್ಕವನ್ನು ಹತ್ತನೇ ಒಂದಕ್ಕೆ ಇಳಿಸಿಕೊಂಡೆ: 20 ಲೀಟರ್ ನೀರು, ಸಗಣಿ 1 ಕೆಜಿ, ಗಂಜಲ 1 ಲೀಟರ್, ಬೆಲ್ಲ 200 ಗ್ರಾಂ, ಹುರುಳಿ ಹಿಟ್ಟು 200 ಗ್ರಾಂ, ಒಂದು ಹಿಡಿ ಮಣ್ಣು. ಎರಡು ದಿನ ನೆರಳಲ್ಲಿಟ್ಟು ಕೋಲಾಡಿಸಿದ್ದು. ಹದ ನೋಡುವುದು ಕೈಯಲ್ಲೇ. ಒಂದು ಹಿಡಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಬರಬೇಕು, ಬೆರಳಿಂದ ತಟ್ಟಿದರೆ ಉಂಡೆ ಒಡೆಯಬೇಕು. ನೀರು ಧಾರೆಯಾಗಿ ಇಳಿದರೆ ಜಾಸ್ತಿ ಆಯಿತು ಅಂತ ಅರ್ಥ.

ರಾಶಿಯನ್ನು ನೀರಿನ ಟ್ಯಾಂಕಿನ ಕೆಳಗೆ ನೆರಳಲ್ಲಿ ಹಾಕಿ ಒದ್ದೆ ಗೋಣಿಚೀಲ ಮುಚ್ಚಿದೆ. ಪ್ಲಾಸ್ಟಿಕ್ ಮುಚ್ಚಬಾರದು, ಒಳಗಿನ ಹಬೆ, ಅನಿಲ ಹೊರಗೆ ಹೋಗಬೇಕು. ಅಂಚಿಗೆ ಮಾತ್ರ ಕಲ್ಲು ಹೇರಿದ್ದೇನೆ. ಮೂಳೆ ಪುಡಿ ವಾಸನೆಗೆ ಇಲಿ ಬಂದೇ ಬರುತ್ತವೆ.

ಸಾಸಿವೆ ಪರೀಕ್ಷೆಯೂ ಶುರು, ಮಣ್ಣು ಹದಕ್ಕೆ ಬಂತಾ ಅಂತ ಮೊಳಕೆ ಎಣಿಸಿ ನೋಡಲು. ಒಂದು ಲೋಟದಲ್ಲಿ ಈ ಹೊಸ ಮಿಶ್ರಣ, ಇನ್ನೊಂದರಲ್ಲಿ ಬರೀ ತೊಳೆದ ಕೊಕೊಪೀಟ್. ಎರಡಕ್ಕೂ ಅಡುಗೆಮನೆಯ ಸಾಸಿವೆ 20 ಕಾಳು.

ಅದೇ ವಾರದ ಕೊನೆ

ಗೋಣಿ ಎತ್ತಿದರೆ ಹಬೆ. ಕೈ ತೂರಿಸಿದರೆ ಒಳಗೆ ಚೆನ್ನಾಗಿ ಬಿಸಿ, ಸಹಿಸಬಹುದು. ಥರ್ಮಾಮೀಟರ್ 43 ಡಿಗ್ರಿ. ಇಷ್ಟು ಸಣ್ಣ ರಾಶಿಗೆ ಇದು ಕಡಿಮೆಯೇನಲ್ಲ. ಹೊಂಗೆ ಹಿಂಡಿಯ ಚೂರಿದ್ದ ಕಡೆಯೆಲ್ಲ ಬಿಳಿ ಬೂಷ್ಟು. ಒಂದು ಚೂರನ್ನು ಬಿಡಿಸಿ ನೋಡಿದೆ. ಎಳೆ ಎಳೆಯಾಗಿ ಹಬ್ಬಿ ಪಕ್ಕದ ಹೊಟ್ಟನ್ನೂ ಹೆಣೆದುಕೊಂಡಿತ್ತು. ಬೂಷ್ಟು ಕಂಡರೆ ಹೆದರಿ ಎಸೆಯುವವರಿದ್ದಾರೆ. ಕೊಳೆಸುವ ಕೆಲಸ ಮಾಡುವುದೇ ಅದು. ತಿರುವಿ ಹಾಕಿದರೆ ತಾನಾಗಿ ಮಾಯವಾಗುತ್ತದೆ.

ವಾಸನೆ ಮಾತ್ರ ಮೂಗಿಗೆ ಹೊಡೆಯುವಂಥದ್ದು. ಪಕ್ಕದ ಮನೆ ಆಂಟಿ ಬಟ್ಟೆ ಒಣಹಾಕುತ್ತಾ ಕೇಳಿದರು, "ಏನ್ರೀ, ಮೇಲೆ ಹಸು ಏನಾದ್ರೂ ಕಟ್ಟಿದೀರಾ?"

ಅದು ಅಮೋನಿಯ. ಹಿಂಡಿಯಲ್ಲಿರುವ ಪ್ರೋಟೀನನ್ನು ಸೂಕ್ಷ್ಮಜೀವಿಗಳು ತಿಂದು ಒಡೆದಾಗ ಸಾರಜನಕ ಮೊದಲು ಈ ರೂಪದಲ್ಲೇ ಹೊರಗೆ ಬರುತ್ತದೆ. ಎಳೆ ಬೇರು ಸುಡುವುದೂ ಇದರಿಂದಲೇ. ಆಮೇಲೆ ಬೇರೆ ಬ್ಯಾಕ್ಟೀರಿಯಾಗಳ ಸರದಿ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ತರಕಾರಿ ಗಿಡ ಖುಷಿಯಾಗಿ ಹೀರಿಕೊಳ್ಳುವುದು ಆ ನೈಟ್ರೇಟನ್ನು. ಈ ಎರಡು ಗುಂಪಿಗೂ ಗಾಳಿ ಬೇಕೇ ಬೇಕು. ತಿರುವಿ ಹಾಕುವುದು ಅದಕ್ಕೆ. ಹೊರಗಿನದು ಒಳಗೆ, ಒಳಗಿನದು ಹೊರಗೆ.

ಸಾಸಿವೆ ಫಲಿತಾಂಶ: ಕೊಕೊಪೀಟಿನಲ್ಲಿ 18 ಮೊಳಕೆ. ಹೊಸ ಮಿಶ್ರಣದಲ್ಲಿ 7. ಆ ಏಳರಲ್ಲಿ ಒಂದನ್ನು ಕಿತ್ತು ನೋಡಿದರೆ ಬೇರಿನ ತುದಿ ಕಂದಾಗಿ ಮೊಂಡಾಗಿತ್ತು, ಬೇರಿನ ಮೇಲೆ ಇರಬೇಕಾದ ಬಿಳಿ ರೋಮ ಇರಲಿಲ್ಲ.

ಭರಣಿ ಮಳೆ

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ. ಟ್ಯಾಂಕ್ ಕೆಳಗಿನ ರಾಶಿಗೆ ಅದು ಅನ್ವಯಿಸುವುದಿಲ್ಲ. ಗುಡುಗು, ಆನೆಕಲ್ಲು, ಅಡ್ಡಗಾಳಿ. ಒಂದು ಮಗ್ಗುಲು ನೆನೆದುಹೋಯಿತು. ಆ ಕಡೆಯಿಂದ ಚರಂಡಿ ವಾಸನೆ ಶುರುವಾಗುವ ಮೊದಲೇ ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ, ಬಿಸಿಲಿಲ್ಲದ ಹೊತ್ತಲ್ಲಿ ಆರಿಸಿ, ಮತ್ತೆ ಗುಡ್ಡೆ ಮಾಡಿದೆ.

ಬಿಸಿ ಇಳಿದಿದೆ, 34. ಅಮೋನಿಯ ತಿರುವುವಾಗ ಮಾತ್ರ ಸ್ವಲ್ಪ ಬರುತ್ತದೆ. ಬಿಸಿ ಇಳಿದ ಮೇಲೆ ಜೈವಿಕ ಪುಡಿ ಸೇರಿಸಬೇಕು ಅಂತ ಕಾದಿದ್ದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ಮೈಕ್ರೋಬಿಯಲ್ ಕನ್ಸಾರ್ಷಿಯಂ ಇತ್ತು. ಸಾರಜನಕ ಹಿಡಿಯುವ, ರಂಜಕ ಮತ್ತು ಸತು ಕರಗಿಸುವ ಬ್ಯಾಕ್ಟೀರಿಯಾಗಳು ಅದರಲ್ಲಿ ಒಟ್ಟಿಗೇ ಇವೆ. ನಮ್ಮ ಕೆಮ್ಮಣ್ಣಿಗೆ ರಂಜಕ ಕರಗಿಸುವವು ಮುಖ್ಯ. ಮಣ್ಣಿನ ಕೆಂಪಿಗೆ ಕಾರಣವಾದ ಕಬ್ಬಿಣವೇ ರಂಜಕವನ್ನು ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಡುವುದಿಲ್ಲ. ಅಳತೆ ಪ್ಯಾಕೆಟ್ಟಿನ ಮೇಲಿದ್ದದ್ದೇ.

ಎರಡನೇ ಸಲದ ಸಾಸಿವೆ: 20ರಲ್ಲಿ 13.

ಕೃತ್ತಿಕೆ ಮಳೆ

ಬರೆಯುವಂಥದ್ದೇನಿಲ್ಲ. ತಿರುವಿದೆ. ಒಣಗಿದ ಕಡೆ ನೀರು ಚಿಮುಕಿಸಿದೆ. ರಾಶಿ ಒಂದು ಗೇಣು ತಗ್ಗಿದೆ. ಮೂಳೆ ಪುಡಿಯ ಬಿಳಿ ಚುಕ್ಕಿ ಇನ್ನೂ ಕಾಣುತ್ತವೆ, ಅದು ನಿಧಾನವಾಗಿ ಕರಗುವಂಥದ್ದು, ಕಾಯುತ್ತಾ ಕೂರಬೇಕಿಲ್ಲ.

ರೋಹಿಣಿ ಮಳೆ (ಮೇ ಕೊನೆ)

ರಾಶಿಯೊಳಗೂ ಹೊರಗೂ ಒಂದೇ ಬಿಸಿ. ಹಿಂಡಿ ಯಾವುದು, ಗೊಬ್ಬರ ಯಾವುದು ಅಂತ ಬೇರೆ ಮಾಡಿ ಹೇಳಲು ಆಗುವುದಿಲ್ಲ. ಸಾಸಿವೆ 20ರಲ್ಲಿ 18, ಕೊಕೊಪೀಟಿನಷ್ಟೇ. ಕಿತ್ತು ನೋಡಿದ ಸಸಿಯ ಬೇರು ಉದ್ದಕ್ಕೂ ಬೆಳ್ಳಗಿತ್ತು, ರೋಮಗಳಿಗೆ ಮಣ್ಣಿನ ಕಣ ಅಂಟಿಕೊಂಡು ಒದರಿದರೂ ಬೀಳಲಿಲ್ಲ. ನನಗೆ ಇಷ್ಟೇ ಬೇಕಾಗಿದ್ದದ್ದು.

ಗ್ರೋಬ್ಯಾಗ್ ತುಂಬಿದೆ. ತಳಕ್ಕೆ ಜಲ್ಲಿ ಹಾಕಲಿಲ್ಲ. ಇದರ ಬಗ್ಗೆ ಮನೆಗೆ ಬಂದವರೆಲ್ಲ ಬುದ್ಧಿ ಹೇಳುತ್ತಾರೆ, "ನೀರು ಬಸಿಯೋದು ಹೇಗೆ?" ಅಂತ. ಯಾವ ಕುಂಡದಲ್ಲೂ ನೀರು ಹಾಕಿ ಬಸಿದ ಮೇಲೆ ತಳದಲ್ಲಿ ಒಂದಷ್ಟು ಎತ್ತರ ಮಣ್ಣು ಪೂರ್ತಿ ನೆಂದೇ ಇರುತ್ತದೆ. ಆ ಎತ್ತರ ಎಷ್ಟು ಅನ್ನುವುದು ಮಣ್ಣಿನ ಕಣ ಎಷ್ಟು ಸಣ್ಣದು ಅನ್ನುವುದರ ಮೇಲೆ ಹೋಗುತ್ತದೆ. ಕೆಳಗೆ ಜಲ್ಲಿ ಹಾಕಿದರೆ ನೀರು ಸಣ್ಣ ಸಂದಿಯ ಮಣ್ಣನ್ನು ಬಿಟ್ಟು ದೊಡ್ಡ ಸಂದಿಯ ಜಲ್ಲಿಗೆ ಸುಲಭಕ್ಕೆ ಇಳಿಯುವುದಿಲ್ಲ. ನೆಂದ ಪಟ್ಟಿ ಜಲ್ಲಿಯ ಮೇಲಕ್ಕೆ ಏರುತ್ತದೆ ಅಷ್ಟೆ. ಬೇರಿಗೆ ಉಳಿಯುವ ಜಾಗ ಇನ್ನೂ ಕಡಿಮೆ. ಬಸಿಯಬೇಕೆಂದರೆ ಮಿಶ್ರಣವೇ ಸಡಿಲ ಇರಬೇಕು, ಅದಕ್ಕೇ ನಾಲ್ಕು ಬಾಂಡ್ಲಿ ಕರಿ ಹೊಟ್ಟು. ತೂತಿನ ಮೇಲೆ ಸೊಳ್ಳೆ ಪರದೆಯ ತುಂಡು ಇಟ್ಟಿದ್ದೇನೆ, ಮಣ್ಣು ಸೋರದಿರಲಿ ಅಂತ.

ತುಂಬುವಾಗ ಒತ್ತಲಿಲ್ಲ, ಬ್ಯಾಗನ್ನು ನೆಲಕ್ಕೆ ಎರಡು ಸಲ ಕುಕ್ಕಿದೆ ಅಷ್ಟೆ. ಮೇಲೆ ಮೂರು ಬೆರಳು ಜಾಗ ಬಿಟ್ಟು, ಸಸಿ ನೆಟ್ಟು, ಒಣ ಎಲೆ ಮುಚ್ಚಿದೆ. ಟೊಮೆಟೊ ಅರ್ಕ ರಕ್ಷಕ್ ತಳಿ, ಎಲೆ ಮುದುರು ರೋಗ ತಡೆಯುತ್ತದೆ ಅಂತ. ಬದನೆಗೆ ದೊಡ್ಡ ಬ್ಯಾಗ್. ಮೆಣಸಿಗೆ ಹಳೇ ಪೇಂಟ್ ಡಬ್ಬಗಳು.

ಎರಡು ಬಾಂಡ್ಲಿ ಮಿಕ್ಕಿದೆ. ಗೋಣಿಚೀಲಕ್ಕೆ ತುಂಬಿ ನೆರಳಲ್ಲಿಟ್ಟಿದ್ದೇನೆ, ಪೂರ್ತಿ ಒಣಗಲು ಬಿಡದೆ ಆಗಾಗ ನೀರು ಚಿಮುಕಿಸಿದರೆ ಸಾಕು. ದೀಪಾವಳಿ ಕಳೆದ ಮೇಲೆ ಹಳೇ ಕುಂಡಗಳ ಮಣ್ಣನ್ನು ಸುರಿದು, ಬೇರು ಆರಿಸಿ, ಇದೇ ಥರ ಕಳಿಯಲು ಬಿಡುವ ಯೋಚನೆ ಇದೆ. ಆಗ ರಾಶಿಯನ್ನು ಎರಡು ಭಾಗ ಮಾಡುತ್ತೇನೆ, ಒಂದಕ್ಕೆ ಜೀವಾಮೃತ, ಇನ್ನೊಂದಕ್ಕೆ ಬರೀ ನೀರು. ಸಾಸಿವೆ ಡಬ್ಬ ಟೆರೇಸಿನಲ್ಲೇ ಇದೆ.