ಉರಿಯದ ಹೊಟ್ಟೆಯ ಹುಣ್ಣು

ನನಗೆ ಹೊಟ್ಟೆ ಉರಿಯಲಿಲ್ಲ, ಹುಳಿತೇಗು ಬರಲಿಲ್ಲ, ಊಟ ಬೇಡವೆನಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನೋವಿನ ಮಾತ್ರೆಯಿಂದ ಹುಣ್ಣಾಯಿತು ಎಂದರೆ ಕೇಳಿದವರೆಲ್ಲ, 'ಉರಿ ಶುರುವಾದಾಗಲೇ ಮಾತ್ರೆ ನಿಲ್ಲಿಸಬೇಕಿತ್ತು' ಎಂದು ಬುದ್ಧಿ ಹೇಳುತ್ತಾರೆ. ಉರಿ ಶುರುವಾಗಲೇ ಇಲ್ಲ.

ನಾನು ಆಲ್ದೂರು ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್. ಬೆಳಿಗ್ಗೆ ಚೆಕ್‌ರೋಲ್ ಹಿಡಿದು ಆಳುಗಳ ಹಾಜರಿ ಬರೆಯುವುದು, ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣಿನ ತೂಕ ಬರೆಯುವುದು, ಕಣದ ಲೆಕ್ಕ, ವಾರದ ಬಟವಾಡೆ. ಎಲ್ಲವೂ ಬೆರಳಿನ ಕೆಲಸ. ಆ ಬೆರಳುಗಳಿಗೇ ರುಮಟಾಯ್ಡ್ ಸಂಧಿವಾತ ಬಂದಿತು. ಬೆಳಿಗ್ಗೆ ಎದ್ದಾಗ ಪೆನ್ನಿನ ಮುಚ್ಚಳ ತೆಗೆಯಲು ಹೆಂಡತಿಯನ್ನು ಕರೆಯಬೇಕಾಗುತ್ತಿತ್ತು. ಮಂಗಳೂರಿನ ತಜ್ಞರು ವಾರಕ್ಕೊಂದು ದಿನ ನುಂಗಲು ಮೆಥೊಟ್ರೆಕ್ಸೇಟ್ ಬರೆದರು. ರೋಗವನ್ನು ಹತೋಟಿಗೆ ತರುವುದು ಅದು; ಆದರೆ ಅದರ ಗುಣ ಕಾಣಲು ವಾರಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಊತಕ್ಕೂ ನೋವಿಗೂ ನ್ಯಾಪ್ರಾಕ್ಸೆನ್. ಜೊತೆಗೆ ಹೊಟ್ಟೆಯ ರಕ್ಷಣೆಗೆ ಒಂದು ಮಾತ್ರೆ. ಎಲ್ಲ ಸರಿಯಾಗಿಯೇ ನಡೆದಿತ್ತು.

ಅಷ್ಟರಲ್ಲಿ ಹಲ್ಲುನೋವು ಬಂದಿತು. ಹಲ್ಲಿನ ಡಾಕ್ಟರಿಗೆ ನನ್ನ ಹಳೆಯ ಚೀಟಿಯನ್ನು ತೋರಿಸಿದ್ದೆ. ಅವರು ಅದರ ಮೇಲೆ ಕಣ್ಣಾಡಿಸಿ, ಅಸೆಕ್ಲೊಫೆನಾಕ್, ಪ್ಯಾರಾಸಿಟಮಾಲ್ ಮತ್ತು ಊತ ಇಳಿಸುವುದೆಂದು ಹೇಳುವ ಇನ್ನೊಂದು ಪುಡಿ ಸೇರಿದ ಮಾತ್ರೆ ಬರೆದುಕೊಟ್ಟರು. ಪಟ್ಟಿಯ ಮೇಲೆ ಕಂಪನಿಯ ಹೆಸರು ದಪ್ಪಕ್ಷರದಲ್ಲಿ, ಒಳಗೇನಿದೆ ಎಂಬುದು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ನ್ಯಾಪ್ರಾಕ್ಸೆನ್, ಅಸೆಕ್ಲೊಫೆನಾಕ್ ಎಂಬ ಒಂದೇ ಜಾತಿಯ ಎರಡು ನೋವಿನ ಔಷಧಿ ಒಟ್ಟಿಗೆ ಹೊಟ್ಟೆಗಿಳಿಯುತ್ತಿದ್ದವು. ಔಷಧಿ ಅಂಗಡಿಯವನೂ ಏನೂ ಹೇಳಲಿಲ್ಲ. ಹಲ್ಲುನೋವು ಹೋಯಿತು. ಬೆರಳುಗಳಂತೂ ಎಂದೂ ಇಲ್ಲದಷ್ಟು ಹಗುರವಾದವು!

ರೊಬಸ್ಟಾ ಕುಯ್ಲಿನ ನಡುಗಾಲ. ಕಣದಿಂದ ಬಂಗಲೆಗೆ ಹೋಗುವ ಏರು ನನಗೆ ಹೊಸದಲ್ಲ, ಆದರೂ ಅರ್ಧಕ್ಕೆ ನಿಲ್ಲತೊಡಗಿದೆ. ಎದೆ ಡವಗುಟ್ಟುತ್ತಿತ್ತು. ತೂಕದ ಹೊತ್ತಿನಲ್ಲಿ ಮೇಸ್ತ್ರಿ ನನ್ನನ್ನೇ ನೋಡುತ್ತಾ, "ರೈಟರೇ, ಮುಖ ಬಿಳಿಚಿಕೊಂಡಿದೆ. ನೀವು ಕುಳಿತುಕೊಳ್ಳಿ, ತೂಕ ನಾನು ಕೂಗಿ ಹೇಳುತ್ತೇನೆ" ಎಂದ. ಚಳಿಗಾಲದ ಆಯಾಸವಿರಬೇಕು ಎಂದು ಪಕ್ಕದಲ್ಲಿದ್ದವರು ಹೇಳಿದರು. ಮಾರನೆಯ ಬೆಳಿಗ್ಗೆ ಶೌಚಾಲಯದಲ್ಲಿ ಕಂಡದ್ದು ಬೇರೆ ಕಥೆ. ಡಾಂಬರಿನ ಹಾಗೆ ಕಪ್ಪು, ಅಂಟು, ಹಿಂದೆಂದೂ ಇರದಂತಹ ಕೆಟ್ಟ ವಾಸನೆ. ಇಂಥದನ್ನು ಬರೆಯಲು ಸಂಕೋಚವಾಗುತ್ತದೆ. ಆದರೆ ಇಡೀ ಪ್ರಸಂಗದಲ್ಲಿ ಮುಖ್ಯವಾದದ್ದು ಇದೊಂದೇ, ಆದ್ದರಿಂದ ಬರೆಯದೆ ವಿಧಿಯಿಲ್ಲ. ಹೆಂಡತಿಗೆ ಹೇಳಿದೆ. ಅವಳ ಸೋದರಮಾವನಿಗೆ ಹಿಂದೆ ಹೀಗೆಯೇ ಆಗಿತ್ತಂತೆ. "ಸ್ನಾನ, ತಿಂಡಿ ಏನೂ ಬೇಡ, ಹೊರಡಿ" ಎಂದಳು. ಸಾಹುಕಾರರು ಕುಯ್ಲಿನ ನಡುವೆಯೂ ಜೀಪು ಕೊಟ್ಟರು.

ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ಡಾಕ್ಟರಮ್ಮ ಮೊದಲು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ಹೊಟ್ಟೆನೋವು ಇದೆಯೇ?" ಎಂದರು. ಇಲ್ಲವೆಂದೆ. "ನೋವಿನ ಮಾತ್ರೆ ತಾನು ಮಾಡಿದ ಗಾಯದ ನೋವನ್ನೂ ಮುಚ್ಚಿಬಿಡುತ್ತದೆ ಯಜಮಾನರೇ. ಅನೇಕರಿಗೆ ರಕ್ತ ಹೋಗಲು ಶುರುವಾದ ಮೇಲೆಯೇ ಗೊತ್ತಾಗುವುದು" ಎಂದರು. ಜಠರದಲ್ಲಿ ಸುರಿದ ರಕ್ತ ಕೆಳಗಿಳಿಯುವ ಹೊತ್ತಿಗೆ ಕೆಂಪಾಗಿ ಉಳಿಯುವುದಿಲ್ಲ, ಕಪ್ಪಾಗಿರುತ್ತದೆ. ಹಿಮೋಗ್ಲೋಬಿನ್ 7.4 ಇತ್ತು. ಏಳಕ್ಕಿಂತ ಕೆಳಗಿಳಿದರೆ ರಕ್ತ ಹಾಕುತ್ತೇವೆ ಎಂದು ಮಲಗಿಸಿ, ಡ್ರಿಪ್ಪಿನಲ್ಲಿ ಆಮ್ಲ ತಗ್ಗಿಸುವ ಔಷಧಿ ಹಾಕಿದರು.

ಮರುದಿನ ಎಂಡೋಸ್ಕೋಪಿ. ಅದರ ಬಗ್ಗೆ ವಾರ್ಡಿನಲ್ಲಿ ಕೇಳಿದ ಕಥೆಗಳೇ ಹೆಚ್ಚು ಭಯಂಕರವಾಗಿದ್ದವು. ಗಂಟಲಿಗೆ ಕಹಿಯಾದ ಸ್ಪ್ರೇ ಹೊಡೆದರು, ನಾಲಿಗೆ ನನ್ನದಲ್ಲವೆನಿಸಿತು. ಎಡಮಗ್ಗುಲಿಗೆ ಮಲಗಿಸಿ ಹಲ್ಲುಗಳ ನಡುವೆ ತೂತಿರುವ ಪ್ಲಾಸ್ಟಿಕ್ ಕಚ್ಚಿಸಿದರು. ಕೊಳವೆ ಇಳಿಯುವಾಗ ಓಕರಿಕೆ ಬಂದು ಕಣ್ಣಲ್ಲಿ ನೀರು ಸುರಿಯಿತು, 'ಉಸಿರಾಡಿ, ನುಂಗಬೇಡಿ' ಎಂಬ ಮಾತು ಕೇಳುತ್ತಿತ್ತು. ಕೆಲವೇ ನಿಮಿಷ. ಜಠರದ ಕೆಳತುದಿಯಲ್ಲಿ ಹುಣ್ಣುಗಳಿದ್ದವು, ರಕ್ತ ನಿಂತಿತ್ತು. ಅಲ್ಲಿಂದ ಚಿಟಿಕೆಯಷ್ಟು ಮಾಂಸ ಕಿತ್ತು ಹಳದಿ ಬಣ್ಣದ ಪರೀಕ್ಷಾ ಪಟ್ಟಿಯಲ್ಲಿಟ್ಟರು. ಅದು ಗುಲಾಬಿಗೆ ತಿರುಗಿತು. ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಒಳಗೆ ಇದ್ದುದಕ್ಕೆ ಅದು ಸಾಕ್ಷಿಯಂತೆ. ಈ ಬ್ಯಾಕ್ಟೀರಿಯಾ ತೊಂದರೆ ಕೊಡುತ್ತದೆ ಎಂದು ಯಾರೂ ನಂಬದಿದ್ದಾಗ, 1984ರಲ್ಲಿ ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ ಅದನ್ನು ಬೆಳೆಸಿದ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡರು. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಪಡೆದರು. ಅವರು ಬೇಕೆಂದೇ ಕುಡಿದರು. ನನ್ನೊಳಗೆ ಅದು ಯಾವಾಗ ಬಂದು ಕುಳಿತಿತೋ, ಬಹುಶಃ ಬಾಲ್ಯದಲ್ಲೇ. ಅದೂ ನೋವಿನ ಮಾತ್ರೆಯೂ ಜೊತೆಗೂಡಿದರೆ ಹುಣ್ಣಿನ ಅಪಾಯ ಹೆಚ್ಚು.

ನನ್ನ ಪಕ್ಕದ ಹಾಸಿಗೆಯವರು ಮೂಡಿಗೆರೆ ಕಡೆಯವರು. "ಮಾತ್ರೆ ಬಿಟ್ಟು ಸೂಜಿ ಹಾಕಿಸಿಕೊಳ್ಳಿ, ಹೊಟ್ಟೆಗೆ ಹೋಗುವುದೇ ಇಲ್ಲವಲ್ಲ" ಎಂದು ಸಲಹೆ ಕೊಟ್ಟರು. ಕೇಳಲು ಸರಿಯೆನಿಸುತ್ತದೆ. ರೌಂಡ್ಸಿಗೆ ಬಂದ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. ಮಾತ್ರೆ ಜಠರಕ್ಕೆ ತಗುಲಿ ಆಗುವ ಗಾಯ ಸ್ವಲ್ಪ, ರಕ್ತದ ಮೂಲಕ ಆಗುವುದೇ ಹೆಚ್ಚು ಎಂದರು. ಕೀಲಿನಲ್ಲಿ ಊತ ತರುವ, ದೇಹದಲ್ಲೇ ತಯಾರಾಗುವ ರಾಸಾಯನಿಕಗಳಾದ ಪ್ರೊಸ್ಟಗ್ಲಾಂಡಿನ್‌ಗಳೇ ಜಠರದ ಗೋಡೆಗೆ ಲೋಳೆಯ ಹೊದಿಕೆ ಕೊಟ್ಟು ಆಮ್ಲದಿಂದ ಕಾಪಾಡುತ್ತವೆ. ಔಷಧಿ ಎರಡು ಕಡೆಯೂ ಅವನ್ನು ತಡೆಯುತ್ತದೆ. ಇದೇ ಜಾತಿಯ ಆಸ್ಪಿರಿನ್ ಹೀಗೆ ಕೆಲಸ ಮಾಡುತ್ತದೆ ಎಂದು ಬ್ರಿಟನ್ನಿನ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದ್ದು. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಹಾಗಾಗಿ ಸೂಜಿಯಾದರೂ ಅಷ್ಟೇ. ಊಟದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆಯಾದೀತು, ಹುಣ್ಣು ತಪ್ಪುತ್ತದೆಂಬ ಭರವಸೆಯಿಲ್ಲ. ಹಾಲು ಕುಡಿದರೆ ಗಳಿಗೆ ಹೊತ್ತು ತಂಪು, ಆಮೇಲೆ ಆಮ್ಲ ಇನ್ನಷ್ಟು ಊರುತ್ತದೆ.

ಜಠರಕ್ಕೆ ಕಡಿಮೆ ತೊಂದರೆ ಕೊಡುವ ಹೊಸ ಜಾತಿಯ ನೋವಿನ ಮಾತ್ರೆಗಳೂ ಇವೆ. ನನಗೆ ರಕ್ತದೊತ್ತಡ ಇರುವುದರಿಂದ ಬೇಡವೆಂದರು. ಆ ಜಾತಿಯ ರೋಫೆಕಾಕ್ಸಿಬ್ ಹೃದಯಾಘಾತ ಹೆಚ್ಚಿಸುತ್ತದೆಂದು 2004ರಲ್ಲಿ ಮಾರುಕಟ್ಟೆಯಿಂದ ಹಿಂದೆ ಹೋಗಿತ್ತು.

ಮನೆಗೆ ಬಂದ ಮೇಲಿನ ಎರಡು ವಾರ ನಿಜವಾದ ಪರೀಕ್ಷೆ. ಬ್ಯಾಕ್ಟೀರಿಯಾಕ್ಕೆ ಕೊಟ್ಟ ಆ್ಯಂಟಿಬಯಾಟಿಕ್ ಮೆಥೊಟ್ರೆಕ್ಸೇಟ್ ಜೊತೆ ಹೊಂದುವುದಿಲ್ಲ ಎಂದು ಡಾಕ್ಟರಮ್ಮ ಮಂಗಳೂರಿಗೆ ಫೋನ್ ಮಾಡಿ ಮೆಥೊಟ್ರೆಕ್ಸೇಟನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ನ್ಯಾಪ್ರಾಕ್ಸೆನ್ ಮೊದಲೇ ನಿಂತಿತ್ತು. ಬೆರಳುಗಳು ಹಠ ಹಿಡಿದವು. ಪ್ಯಾರಾಸಿಟಮಾಲ್ ನೋವನ್ನು ಒಂದಿಷ್ಟು ತಗ್ಗಿಸುತ್ತಿತ್ತು, ಊತವನ್ನು ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಹಂಡೆಯಿಂದ ಬಿಸಿನೀರು ತೋಡಿ ಕೈ ಅದ್ದಿಕೊಂಡು ಕೂರುತ್ತಿದ್ದೆ. ಪೆನ್ನಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡಿಕೊಂಡೆ. ದಪ್ಪಗಿದ್ದರೆ ಬೆರಳನ್ನು ಅಷ್ಟಾಗಿ ಮಡಚಬೇಕಿಲ್ಲ. ಚೆಕ್‌ರೋಲ್‌ನ ಆ ಪುಟಗಳಲ್ಲಿ ನನ್ನ ಅಕ್ಷರ ಶಾಲೆಗೆ ಹೊಸದಾಗಿ ಸೇರಿದವನದು.

ಇನ್ನೊಂದು ವಿಚಿತ್ರ ಪೇಚು. ರಕ್ತ ತುಂಬಲೆಂದು ಕೊಟ್ಟ ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ! ಕಾಯುತ್ತಿರಬೇಕಾದ ಸೂಚನೆಯೇ ದಿನವೂ ಬಂದು ನಿಂತರೆ ಏನು ಮಾಡುವುದು? ಹೆಂಡತಿ ದಿನಾ ಬೆಳಿಗ್ಗೆ "ಹೇಗಿದೆ?" ಎಂದು ಕೇಳುವಳು, ನಾನು "ಕಪ್ಪು" ಎನ್ನುವೆ, ಅವಳ ಮುಖ ಇಳಿಯುವುದು. ಕೊನೆಗೆ ಡಾಕ್ಟರಮ್ಮ ಬಿಡಿಸಿ ಹೇಳಿದರು: ಕಬ್ಬಿಣದ್ದು ಹಸಿರು ಬೆರೆತ ಕಪ್ಪು, ಗಟ್ಟಿ. ಅಂಟು, ಕೆಟ್ಟ ವಾಸನೆ, ತಲೆಸುತ್ತು ಇದ್ದರೆ ಮತ್ತೇನನ್ನೂ ಯೋಚಿಸದೆ ಬನ್ನಿ.

ಊಟದ ವಿಷಯದಲ್ಲಿ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಖಾರ ಪೂರ್ತಿ ಬಂದ್, ದಿನವೂ ಒಂದೆಲಗದ ತಂಬುಳಿ. ತಂಬುಳಿ ನನಗೆ ಇಷ್ಟ, ಆದರೆ ಹುಣ್ಣಿಗೆ ಖಾರ ಕಾರಣವಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಫಿಯ ಬಗ್ಗೆ ಮಾತ್ರ ನಾನು ಪಟ್ಟು ಬಿಡಲಿಲ್ಲ. ಕಾಫಿ ತೋಟದ ರೈಟರ್ ಕಾಫಿ ಬಿಡುವುದೆಂದರೇನು? ಬರಿಹೊಟ್ಟೆಯಲ್ಲಿ ಬೇಡ, ತಿಂಡಿಯ ಜೊತೆಗಿರಲಿ ಎಂದು ಡಾಕ್ಟರಮ್ಮನೇ ರಾಜಿ ಮಾಡಿಸಿದರು. ಹೊಟ್ಟೆಯ ಮಾತ್ರೆ ತಿಂಡಿಗೆ ಅರ್ಧ ಗಂಟೆ ಮೊದಲು. ತಿಂಡಿಯ ಮೇಲೆ ನುಂಗಿದರೆ ಅದರ ಗುಣ ಕಡಿಮೆ.

ಈಗ ಮೆಥೊಟ್ರೆಕ್ಸೇಟ್ ಪ್ರಮಾಣ ಏರಿಸಿದ್ದಾರೆ, ನ್ಯಾಪ್ರಾಕ್ಸೆನ್ ಇಲ್ಲ. ತೀರಾ ನೋವಾದ ದಿನ ಬೆರಳಿಗೆ ಡೈಕ್ಲೋಫಿನಾಕ್ ಮುಲಾಮು ಹಚ್ಚುತ್ತೇನೆ. ಹಚ್ಚಿದ್ದರಲ್ಲಿ ರಕ್ತಕ್ಕೆ ಸೇರುವುದು ಸ್ವಲ್ಪವೇ. ಕೊಟ್ಟಿಗೆಯ ಹಸು ನೋಡಲು ಬಂದ ದನದ ಡಾಕ್ಟರು ಮುಲಾಮು ಕಂಡು ನಕ್ಕು, "ಇದನ್ನು ಹಸುವಿಗೆ ಕೊಡುವ ಹಾಗಿಲ್ಲ" ಎಂದರು. ಔಷಧಿ ಪಡೆದು ಸತ್ತ ದನಗಳನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವೆಂದು 2006ರಲ್ಲಿ ಜಾನುವಾರುಗಳಿಗೆ ಡೈಕ್ಲೋಫಿನಾಕ್ ನಿಷೇಧವಾಯಿತು. ನನ್ನ ಹಲ್ಲಿಗೆ ಬಂದ ಅಸೆಕ್ಲೊಫೆನಾಕ್ ಕೂಡ ದನದ ಮೈಯಲ್ಲಿ ಡೈಕ್ಲೋಫಿನಾಕ್ ಆಗಿಯೇ ಬದಲಾಗುತ್ತದೆಂದು 2023ರಲ್ಲಿ ಅದನ್ನೂ ನಿಷೇಧಿಸಿದರು. ರಕ್ತಪರೀಕ್ಷೆಯಲ್ಲಿ ಡಾಕ್ಟರಮ್ಮ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಏಕೆ ಬರೆಯುತ್ತಾರೆ ಎಂದು ಆಮೇಲೆ ನಾನು ಕೇಳಲಿಲ್ಲ.

ತೋಟದ ಔಷಧಿ ಪೆಟ್ಟಿಗೆ ನನ್ನ ಸುಪರ್ದಿಯಲ್ಲಿದೆ. ಕುಯ್ಲಿನ ದಿನಗಳಲ್ಲಿ ಲೈನ್ ಮನೆಗಳ ಆಳುಗಳು ಮೈಕೈ ನೋವಿಗೆ ಮಾತ್ರೆ ಕೇಳಿಕೊಂಡು ಸಂಜೆ ಬರುತ್ತಾರೆ. ಈಗ ಪ್ಯಾರಾಸಿಟಮಾಲ್ ಮಾತ್ರ ಕೊಡುತ್ತೇನೆ, ಜೊತೆಗೆ ಬೇರೇನು ನುಂಗುತ್ತಿದ್ದೀರಿ, ಮಲದ ಬಣ್ಣ ಹೇಗಿದೆ ಎಂದೂ ಕೇಳುತ್ತೇನೆ. ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಾರೆ, ಗಂಡಸರು ಮುಖ ತಿರುಗಿಸುತ್ತಾರೆ. ಹಣ್ಣು ಕುಯ್ಯುವ ಅಜ್ಜಿಯೊಬ್ಬಳು, "ರೈಟರೇ, ಇಷ್ಟು ಪ್ರಶ್ನೆಗೆ ಉತ್ತರ ಹೇಳುವುದಕ್ಕಿಂತ ಸಂತೆಯಲ್ಲೇ ಕೊಳ್ಳುತ್ತೇನೆ ಬಿಡಿ" ಎಂದು ಹೋದಳು. ಸಂತೆಯ ಪಕ್ಕದ ಗೂಡಂಗಡಿಯಲ್ಲಿ ಬೀಡಿ, ಎಲೆ ಅಡಿಕೆಯ ಜೊತೆಗೆ ನೋವಿನ ಮಾತ್ರೆ ಬಿಡಿಬಿಡಿಯಾಗಿ ಸಿಗುತ್ತದೆ. ಅಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ.