ಸವಾಲು ಹಾಕುವ ಪೈಲ್ವಾನ

2004ರ ಬೇಸಿಗೆ ರಜೆಯಲ್ಲಿ ಅಜ್ಜಿ ಬಿಜಾಪುರ ಕಡೆಯ ತಮ್ಮ ಹಳ್ಳಿಯಿಂದ ರಾಜಾಜಿನಗರದ ನಮ್ಮ ಮನೆಗೆ ಬಂದಿದ್ದರು. ನಾನೂ ತಮ್ಮನೂ ಟೆನ್ ಸ್ಪೋರ್ಟ್ಸ್ ಹಾಕಿಕೊಂಡು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕುಳಿತಿದ್ದೆವು. ಬೀಗ ತೂಗುವ ದಪ್ಪ ಸರಪಳಿಯನ್ನು ಕೊರಳಿಗೆ ಹಾಕಿಕೊಂಡ ಜಾನ್ ಸೀನಾ, ಅಮೆರಿಕದ ಡಬ್ಲ್ಯುಡಬ್ಲ್ಯುಇ ಎಂಬ ಕುಸ್ತಿ ಕಂಪನಿಯ ಪೈಲ್ವಾನ, ಕುಸ್ತಿಗೆ ಇಳಿಯುವ ಮೊದಲು ಮೈಕ್ ಹಿಡಿದು, ಎದುರಾಳಿಯನ್ನು ಪ್ರಾಸಕ್ಕೆ ಪ್ರಾಸ ಕೂಡಿಸಿ ಹೀಗಳೆಯುತ್ತಿದ್ದ. ಇಂಗ್ಲಿಷಿನ ಒಂದಕ್ಷರವೂ ತಿಳಿಯದ ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುವುದನ್ನು ನಿಲ್ಲಿಸಿ, “ಏ, ಇಂವ ಸವಾಲ್ ಹಾಕಾಕತ್ಯಾನಲ್ಲೋ! ಜವಾಬ್ ಕೊಡಾಂವ ಎಲ್ಲದಾನ?” ಎಂದು ಕೇಳಿದರು.

ಅಜ್ಜಿ ಗೀಗೀ ಪದ ಕೇಳಿ ಬೆಳೆದವರು. ಹರದೇಶಿ ಮೇಳ ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿ ಮೇಳ ಹೆಣ್ಣು ಹೆಚ್ಚೆಂದು ಹಾಡಿ, ರಾತ್ರಿಯಿಡೀ ಸವಾಲು ಜವಾಬು ನಡೆಸುವ ಆ ಪರಂಪರೆಯಲ್ಲಿ, ಎದುರು ಮೇಳದವರನ್ನು ಮಾತಿನಲ್ಲೇ ಕೆಡವುವುದು ದೊಡ್ಡ ವಿದ್ಯೆ. ಅಮೆರಿಕದ ರ‍್ಯಾಪಿನಲ್ಲಿ ‘ಬ್ಯಾಟಲ್’ ಎಂದು ಕರೆಯುವುದೂ ಹೆಚ್ಚುಕಡಿಮೆ ಇದನ್ನೇ. ಪೈಲ್ವಾನನೊಬ್ಬ ರ‍್ಯಾಪ್ ಹಾಡಿದ್ದನ್ನು ಆ ಕಾಲದಲ್ಲಿ ಅನೇಕರು ಬರಿಯ ಗಿಮಿಕ್ ಎಂದು ತಳ್ಳಿಹಾಕಿದ್ದರು. ಅಜ್ಜಿಯ ಮಾತನ್ನು ಒಪ್ಪಿದರೆ, ಅವನು ತನ್ನ ಕಸುಬನ್ನು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ.

ಗಿಮಿಕ್ ಎಂಬುದು ಪೂರ್ತಿ ಸುಳ್ಳಲ್ಲ ಎಂಬುದನ್ನೂ ಹೇಳಬೇಕು. 2002ರ ಜೂನ್‌ನಲ್ಲಿ ಪೈಲ್ವಾನ ಕರ್ಟ್ ಆಂಗಲ್ ಎದುರು ಮೊದಲ ಬಾರಿ ಟಿವಿಯಲ್ಲಿ ಕಾಣಿಸಿಕೊಂಡ ಸೀನಾ, ಕೆಲವೇ ತಿಂಗಳಲ್ಲಿ ಜನರ ಗಮನದಿಂದ ಜಾರಿ ಕೆಲಸ ಕಳೆದುಕೊಳ್ಳುವ ಅಂಚಿಗೆ ಬಂದಿದ್ದ. ಯುರೋಪ್ ಪ್ರವಾಸದ ಬಸ್ಸಿನಲ್ಲಿ ಅವನು ಹೊತ್ತು ಕಳೆಯಲು ಆಶುವಾಗಿ ಪ್ರಾಸ ಕಟ್ಟುತ್ತಿದ್ದುದು ಕಂಪನಿಯ ಸ್ಟೆಫನಿ ಮೆಕ್‌ಮಹನ್ ಅವರ ಕಿವಿಗೆ ಬಿತ್ತು. ಅದೇ ವರ್ಷ, ವೇಷ ಹಾಕುವ ಹಬ್ಬವಾದ ಹ್ಯಾಲೊವೀನ್‌ನ ಟಿವಿ ಸಂಚಿಕೆಯಲ್ಲಿ ರ‍್ಯಾಪರ್ ವೆನಿಲ್ಲಾ ಐಸ್‌ನ ವೇಷ ಹಾಕಿ ಹಾಡಿದ ಮೇಲೆ ಆ ವೇಷವೇ ಅವನ ಪಾತ್ರವಾಯಿತು. ಅವಕಾಶ ಆಕಸ್ಮಿಕವಾಗಿ ಸಿಕ್ಕಿದ್ದಿರಬಹುದು, ಆದರೆ ಪ್ರಾಸ ಅವನದೇ.

2005ರ ಏಪ್ರಿಲ್‌ನಲ್ಲಿ ಅವನು ಮೊದಲ ಬಾರಿ ಡಬ್ಲ್ಯುಡಬ್ಲ್ಯುಇ ಚಾಂಪಿಯನ್ ಆದ. ಮೇ 10ರಂದು, ರ‍್ಯಾಪರ್ ಆಗಿದ್ದ ಸೋದರಸಂಬಂಧಿ ಟ್ರೇಡ್‌ಮಾರ್ಕ್ ಜೊತೆ ಸೇರಿ ಮಾಡಿದ ‘ಯು ಕಾಂಟ್ ಸೀ ಮಿ’ ಆಲ್ಬಮ್ ಹೊರಬಂದು, ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ನೇರವಾಗಿ 15ನೇ ಸ್ಥಾನಕ್ಕೆ ಬಂದಿತು. ಆಲ್ಬಮ್ಮಿನ ಹಲವು ಹಾಡುಗಳು ಸಾಧಾರಣ ಎಂದೇ ನನ್ನ ಅಭಿಪ್ರಾಯ. ಎದುರಿಗೆ ಎದುರಾಳಿ ನಿಂತಿಲ್ಲದ ಸ್ಟುಡಿಯೊದಲ್ಲಿ ಅವನ ಪ್ರಾಸಕ್ಕೆ ಅರ್ಧ ಖಾರ ಕಡಿಮೆ. ಉಳಿದುಕೊಂಡದ್ದು ‘ದಿ ಟೈಮ್ ಈಸ್ ನೌ’ ಎಂಬ ಅವನ ಪ್ರವೇಶಗೀತೆ, ಅದರಲ್ಲೂ ಅದರ ಆರಂಭದ ತುತ್ತೂರಿ. ಆ ತುತ್ತೂರಿಯೂ ಹಳೆಯ ವಾದ್ಯಗೀತೆಯೊಂದರಿಂದ ತೆಗೆದುಕೊಂಡದ್ದು. 2015ರ ಸುಮಾರಿಗೆ ಅದು ಇಂಟರ್‌ನೆಟ್ಟಿನ ತಮಾಷೆಯಾಗಿ, ಕುಸ್ತಿಯನ್ನು ಎಂದೂ ನೋಡದ ನನ್ನ ಆಫೀಸಿನ ಹುಡುಗರ ವಾಟ್ಸ್ಆ್ಯಪ್ ಗುಂಪನ್ನೂ ಹೊಕ್ಕಿತ್ತು.

ಮುಂದೆ ಸಿನಿಮಾಗಳು ಬಂದವು, ರ‍್ಯಾಪ್ ಹಿಂದೆ ಸರಿಯಿತು, ಮಕ್ಕಳ ಪ್ರೇಕ್ಷಕರಿಗಾಗಿ ಮಾತೂ ಮೆತ್ತಗಾಯಿತು. ಆದರೂ ಅವನು ಬಂದಾಗಲೆಲ್ಲ ಕ್ರೀಡಾಂಗಣದ ಅರ್ಧ ಜನ ‘ಲೆಟ್ಸ್ ಗೋ ಸೀನಾ’ ಎಂದು ಕೂಗಿದರೆ, ಉಳಿದರ್ಧ ಜನ ಅದೇ ತಾಳಕ್ಕೆ ‘ಸೀನಾ ಸಕ್ಸ್’ ಎಂದು ತಿರುಗಿ ಕೂಗುತ್ತಿದ್ದರು. ಅಜ್ಜಿ ಹುಡುಕುತ್ತಿದ್ದ ಜವಾಬು ಪ್ರೇಕ್ಷಕರ ಸಾಲಿನಲ್ಲಿತ್ತು.

2025ರ ಡಿಸೆಂಬರ್ 13ರಂದು ವಾಷಿಂಗ್ಟನ್‌ನಲ್ಲಿ ಗುಂಥರ್ ಹಾಕಿದ ಪಟ್ಟಿನಿಂದ ಬಿಡಿಸಿಕೊಳ್ಳಲಾಗದೆ, ಕೈತಟ್ಟಿ ಸೋಲೊಪ್ಪಿಕೊಂಡು, ಸೀನಾ ಕೊನೆಯ ಕುಸ್ತಿ ಮುಗಿಸಿದ. ಅದನ್ನು ನೋಡಿ ತಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಅವನು ಮಾತನಾಡಲಿಲ್ಲ, ಇಪ್ಪತ್ತೊಂದು ವರ್ಷದ ಹಿಂದೆ ಅಜ್ಜಿಯ ಮುಂದೆ ಮಾಡಿ ಬೈಸಿಕೊಂಡಿದ್ದಂತೆಯೇ, ಸೀನಾನ ‘ಯು ಕಾಂಟ್ ಸೀ ಮಿ’ (ನಾನು ನಿನಗೆ ಕಾಣಲಾರೆ) ಸನ್ನೆಯಲ್ಲಿ ಐದೂ ಬೆರಳನ್ನು ಅಗಲಿಸಿ ಮುಖದ ಮುಂದೆ ಆಡಿಸಿದ.